ಮಧುಗಿರಿ ಕೋಟೆಗೆ ಗಂಡ-ಹೆಂಡತಿ ಹೊರಡುವ ಮುನ್ನ

ತುಮಕೂರು ಸೀಮೆಯ ನಮಗೆ ಮಧುಗಿರಿ ಎಂದರೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ತುಮಕೂರಿನಿಂದ ಬೇರೆಯಾಗಿ ಕೇಳಿಬರುವ ಶೈಕ್ಷಣಿಕ ಜಿಲ್ಲೆಯ ಹೆಸರು. ಪಾವಗಡದ ಬಸ್ಸಿನಲ್ಲಿ ಹೋಗುವವರಿಗೆ ಕಾಲು ನೀಡಿ ಕಾಫಿ ಕುಡಿಯಲು ಸಿಗುವ ಊರು. ಊರಿನ ಮೇಲೆ ಎದ್ದು ನಿಂತಿರುವ ಬೋಳುಬಂಡೆಯನ್ನೂ ಅದರ ಮೈಮೇಲೆ ಗೆರೆ ಎಳೆದಂತೆ ಹತ್ತಿಹೋಗುವ ಕೋಟೆಗೋಡೆಯನ್ನೂ ಕೆಳಗಿನಿಂದ ನೋಡಿದವರು ಬಹಳ ಮಂದಿ ಇದ್ದಾರೆ, ತುದಿಯವರೆಗೆ ಹೋಗಿ ಬಂದವರು ಕಡಿಮೆ. ಮಕ್ಕಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ಒಂದು ದಿನದ ಮಟ್ಟಿಗೆ ಇಬ್ಬರೇ ಎಲ್ಲಿಗಾದರೂ ಹೋಗಿಬರೋಣ ಎಂದುಕೊಳ್ಳುವ ದಂಪತಿಗಳಿಗಾಗಿ ಈ ಬರಹ. ನಾನೂ ನಮ್ಮ ಮನೆಯವರೂ ಈ ಕೋಟೆಗೆ ಎರಡು ಸಲ ಹೋಗಿದ್ದೇವೆ. ಮೊದಲ ಸಲ ಅರ್ಧದಿಂದ ಮರಳಿದೆವು, ಎರಡನೆಯ ಸಲ ತುದಿ ಮುಟ್ಟಿದೆವು. ಕೆಳಗಿನ ಮಾತುಗಳಲ್ಲಿ ಹೆಚ್ಚಿನವು ಮೊದಲ ಸಲ ಕಲಿತವು.

ಮಧುಗಿರಿಯದು ಏಷ್ಯಾದಲ್ಲೇ ಎರಡನೆಯ ದೊಡ್ಡ ಏಕಶಿಲಾ ಬೆಟ್ಟವೆಂದು ಹೇಳುವ ವಾಡಿಕೆಯಿದೆ. ಮಾಗಡಿಯ ಸಾವನದುರ್ಗದ ಬಗೆಗೂ ಇಂಥದೇ ಹೆಗ್ಗಳಿಕೆಯ ಮಾತು ಕೇಳಿಬರುವುದರಿಂದ ಆ ಪಂದ್ಯವನ್ನು ಪಕ್ಕಕ್ಕಿಡುವುದು ಲೇಸು. ಹೊರಡುವವರಿಗೆ ಬೇಕಾದ ಲೆಕ್ಕ ಬೇರೆಯದು. ಬೆಟ್ಟದ ತುದಿ ಸಮುದ್ರಮಟ್ಟದಿಂದ 3,900 ಅಡಿಗೂ ಮೇಲಿದೆ. ಊರಿನ ನೆಲದಿಂದ ನಾವು ಕಾಲಲ್ಲಿ ಏರಬೇಕಾದ ಎತ್ತರ ಸರಿಸುಮಾರು 400 ಮೀಟರ್. ನಂದಿಬೆಟ್ಟದಂತೆ ಇಲ್ಲಿ ವಾಹನ ಮೇಲಕ್ಕೆ ಹೋಗುವುದಿಲ್ಲ. ದಾರಿಯಲ್ಲಿ ಅಂಗಡಿಯಿಲ್ಲ, ಕುಡಿಯುವ ನೀರಿಲ್ಲ, ಬುಡವನ್ನು ದಾಟಿದ ಮೇಲೆ ನೆರಳೂ ಇಲ್ಲವೆಂದೇ ತಿಳಿದುಕೊಳ್ಳಬೇಕು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೋಟೆಯೆಂಬುದು ಬರುವವರನ್ನು ತಡೆಯುವುದಕ್ಕಾಗಿ ಕಟ್ಟಿದ್ದು. ಇಲ್ಲಿಯ ಒಂದೊಂದು ಬಾಗಿಲೂ, ಒಂದೊಂದು ತಿರುವೂ, ಬೇಕೆಂದೇ ಕಿರಿದಾಗಿ ಬಿಟ್ಟ ಒಂದೊಂದು ಹಾದಿಯೂ ಏರಿ ಬರುವವನ ಉಸಿರು ಕಟ್ಟಲಿ, ಕಾಲು ಸೋಲಲಿ ಎಂದು ಯೋಚಿಸಿ ಮಾಡಿದ ಕೆಲಸ. ಆದ್ದರಿಂದ ಪ್ರತಿಯೊಂದು ಬಾಗಿಲಲ್ಲೂ ನಿಂತು, ಕೂತು, ಮುಂದಕ್ಕೆ ಹೋಗುವುದೇ ಬೇಡವೇ ಎಂದು ಇಬ್ಬರೂ ಕೇಳಿಕೊಂಡು ನಡೆಯುವವರಿಗೆ ಈ ಕೋಟೆ ಚೆನ್ನಾಗಿ ಕಾಣುತ್ತದೆ. ಒಂದೇ ಉಸಿರಿಗೆ ತುದಿ ಮುಟ್ಟಬೇಕೆಂದು ಓಡುವವರಿಗೆ ಬಂಡೆ ಮಾತ್ರ ಕಾಣುತ್ತದೆ.

ದಿನ ಮತ್ತು ಹೊತ್ತು

ಮಳೆಗಾಲ ಮುಗಿದ ಮೇಲೆ, ಅಂದರೆ ದೀಪಾವಳಿಯಿಂದ ಶಿವರಾತ್ರಿಯವರೆಗಿನ ದಿನಗಳು ಈ ಬೆಟ್ಟಕ್ಕೆ ಹೇಳಿ ಮಾಡಿಸಿದವು. ಶಿವರಾತ್ರಿ ಕಳೆದರೆ ಮಧುಗಿರಿ ಸೀಮೆಯ ಬಿಸಿಲು ಬಂಡೆಯನ್ನು ಹೆಂಚು ಮಾಡುತ್ತದೆ. ಬೆಳಗ್ಗೆ ಒಂಬತ್ತಕ್ಕೆಲ್ಲ ಕೈಯೂರಲು ಕಷ್ಟವಾಗುತ್ತದೆ. ಮಳೆಯ ದಿನ ಹೋಗಲೇಬೇಡಿ. ಹಿಂದಿನ ರಾತ್ರಿ ಮಳೆ ಬಂದಿದ್ದರೂ ಬಂಡೆಯ ಮೇಲಿಂದ ನೀರು ಹರಿದುಬರುವ ಜಾಡುಗಳಲ್ಲಿ ಕಪ್ಪು ಪಟ್ಟೆಗಳಾಗಿ ಕೂತಿರುವ ಪಾಚಿ ಮತ್ತೆ ಜೀವ ಹಿಡಿದು ಎಣ್ಣೆ ಸವರಿದಂತೆ ಜಾರುತ್ತದೆ. ಒಣಗಿದಾಗ ಅದೇ ಪಟ್ಟೆ ಮರಳುಕಾಗದದಂತೆ ಒರಟಾಗಿರುವುದರಿಂದ ಮೊದಲ ಸಲ ಬಂದವರು ಮೋಸಹೋಗುತ್ತಾರೆ.

ಬೆಳಗ್ಗೆ ಆರೂವರೆಯ ಸುಮಾರಿಗೆ ಬೆಟ್ಟದ ಬುಡದಲ್ಲಿರಬೇಕು ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಂಡು ಉಳಿದ ಲೆಕ್ಕವನ್ನು ಹಿಂದಕ್ಕೆ ಹಾಕಿಕೊಳ್ಳಿ. ನಿಂತು ನಿಂತು ಹತ್ತುವವರಿಗೆ ತುದಿ ಮುಟ್ಟಲು ಎರಡೂವರೆ ಗಂಟೆ ಬೇಕು, ಮೇಲೆ ಒಂದು ಗಂಟೆ, ಇಳಿಯಲು ಎರಡು ಗಂಟೆ. ಹೀಗೆ ಮಾಡಿದರೆ ಮಧ್ಯಾಹ್ನದ ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಕೆಳಗಿರುತ್ತೀರಿ. ಇಳಿಯುವುದಕ್ಕೂ ಇಷ್ಟು ಹೊತ್ತೇ ಎಂದು ಹುಬ್ಬೇರಿಸುವವರು ಮುಂದೆ ಬರುವ ‘ಇಳಿಯುವುದು’ ಎಂಬ ಭಾಗ ಓದುವವರೆಗೆ ತಾಳ್ಮೆಯಿಂದಿರಲಿ.

ಬರುವ ದಾರಿ

ತುಮಕೂರಿನಿಂದ ಕೊರಟಗೆರೆಯ ಮೇಲೆ ಹೋದರೆ ಮಧುಗಿರಿ ಸುಮಾರು 43 ಕಿಲೋಮೀಟರ್. ಬಸ್ಸುಗಳು ಧಾರಾಳವಾಗಿವೆ. ಬೆಂಗಳೂರಿನವರು ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಕೊರಟಗೆರೆಗೆ ಬರಬಹುದು. ಅವರಿಗೆ ಸುಮಾರು ನೂರು ಕಿಲೋಮೀಟರ್ ಆಗುತ್ತದೆ. ಚಿಕ್ಕಬಳ್ಳಾಪುರ, ಕೋಲಾರ ಕಡೆಯವರಿಗೆ ಗೌರಿಬಿದನೂರಿನ ದಾರಿ ಹತ್ತಿರ. ಸ್ವಂತ ವಾಹನವಿಲ್ಲದ ದೂರದ ಊರಿನವರು ಹಿಂದಿನ ಸಂಜೆಯೇ ಬಂದು ತುಮಕೂರಿನಲ್ಲಿಯೋ ಮಧುಗಿರಿಯಲ್ಲಿಯೋ ಉಳಿಯದೆ ಬೇರೆ ದಾರಿಯಿಲ್ಲ, ಏಕೆಂದರೆ ಬೆಳಗಿನ ಮೊದಲ ಬಸ್ಸು ಹಿಡಿದು ಬಂದರೂ ಬುಡ ತಲುಪುವ ಹೊತ್ತಿಗೆ ತಂಪು ಹೊತ್ತು ಕಳೆದಿರುತ್ತದೆ.

ಕೊರಟಗೆರೆ ದಾಟಿದ ಮೇಲೆ ದಾರಿಯ ಎರಡೂ ಬದಿಗೆ ಗುಡ್ಡಗಳ ಸಾಲು ಶುರುವಾಗುತ್ತದೆ. ಚನ್ನರಾಯನದುರ್ಗ ಇದೇ ಸಾಲಿನದು. ಬಯಲುಸೀಮೆಯ ಈ ಮೂಲೆಯಲ್ಲಿ ಪಾಳೆಯಗಾರರು ಇಷ್ಟೊಂದು ದುರ್ಗಗಳನ್ನು ಏಕೆ ಕಟ್ಟಿಕೊಂಡರು ಎಂಬುದನ್ನು ಬಸ್ಸಿನ ಕಿಟಕಿಯೇ ಹೇಳುತ್ತದೆ: ಕಲ್ಲು ಕೈಗೆ ಸಿಕ್ಕುವಲ್ಲೇ ಇದೆ, ಎತ್ತರ ಮೊದಲೇ ಇದೆ, ಗೋಡೆ ಎಬ್ಬಿಸುವುದು ಮಾತ್ರ ಉಳಿದಿದೆ.

ಎರಡು ಚೀಲ

ಇದು ಸಣ್ಣ ವಿಷಯದಂತೆ ಕಂಡರೂ ನಮ್ಮ ಮೊದಲ ಪ್ರಯಾಣ ಕೆಟ್ಟದ್ದು ಇದರಿಂದಲೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಆ ದಿನ ನಾವು ಒಂದೇ ಚೀಲ ಒಯ್ದಿದ್ದೆವು. ನೀರು, ಬುತ್ತಿ, ಇಬ್ಬರ ಮೊಬೈಲು, ಹಣ ಎಲ್ಲವೂ ಅದರಲ್ಲೇ, ಅದು ನಮ್ಮ ಮನೆಯವರ ಬೆನ್ನ ಮೇಲೆ. ಕಡಿದಾದ ಬಂಡೆಯ ಹತ್ತಿರ ನನಗೆ ಕಾಲು ನಡುಗಿ ಕೂತುಬಿಟ್ಟೆ. ‘ನೀನು ಇಲ್ಲೇ ಇರು, ಮುಂದೆ ದಾರಿ ಹೇಗಿದೆ ನೋಡಿ ಬರುತ್ತೇನೆ’ ಎಂದು ಹೋದವರು ಒಂದು ಗಂಟೆ ಕಳೆದರೂ ಬರಲಿಲ್ಲ. ಬಿಸಿಲು ಏರುತ್ತಿದೆ, ನೀರಿಲ್ಲ, ಕರೆಯಲು ಮೊಬೈಲಿಲ್ಲ, ಮೇಲೆ ಹೋಗಲಾರೆ, ಒಬ್ಬಳೇ ಇಳಿಯಲೂ ಆರೆ. ಅವರಿಗಾದರೋ ಹತ್ತಿದ ಮೇಲೆ ಅದೇ ಬಂಡೆಯನ್ನು ಇಳಿಯುವ ಬಗೆ ತಿಳಿಯದೆ ಬೇರೆಯವರ ಜೊತೆಗಾಗಿ ಕಾಯಬೇಕಾಯಿತು. ಮನೆಗೆ ಬರುವವರೆಗೂ ನಮ್ಮಿಬ್ಬರ ನಡುವೆ ಮಾತಿರಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಚೀಲ ಎರಡಿರಲಿ, ಎರಡೂ ಬೆನ್ನಿಗೆ ಹಾಕಿಕೊಳ್ಳುವಂಥವು. ಕೈಚೀಲ, ಪ್ಲಾಸ್ಟಿಕ್ ಕವರು ಬೇಡ. ಕೈ ಎರಡೂ ಬಂಡೆಗೆ ಬೇಕು, ಕವರು ಕಂಡರೆ ಕೋತಿಗಳು ಬಿಡುವುದಿಲ್ಲ. ಒಬ್ಬೊಬ್ಬರ ಚೀಲದಲ್ಲೂ ಎರಡು ಲೀಟರ್ ನೀರು, ಅವರವರ ಮೊಬೈಲು, ಒಂದಿಷ್ಟು ಬೆಲ್ಲ ಹಾಕಿದ ಕಡಲೆಬೀಜ, ಒಂದು ನಿಂಬೆಹಣ್ಣು, ಚಿಟಿಕೆ ಉಪ್ಪು, ತಲೆಗೆ ಟೋಪಿ ಅಥವಾ ಟವೆಲು. ಒಬ್ಬರ ಚೀಲದಲ್ಲಿ ಪಟ್ಟಿ ಕಟ್ಟಲು ಬೇಕಾಗುವ ಬಟ್ಟೆ, ಮುಲಾಮು. ಮೇಲೆ ದೊಣೆಗಳಲ್ಲಿ ನೀರು ನಿಂತಿರುವುದು ಕಾಣುತ್ತದೆ. ಮಳೆನೀರು ನಿಲ್ಲುವ ಬಂಡೆಯ ತಗ್ಗಿಗೆ ನಮ್ಮ ಕಡೆ ದೊಣೆ ಎನ್ನುತ್ತೇವೆ. ಆ ನೀರನ್ನು ಕುಡಿಯುವ ನೀರಿನ ಲೆಕ್ಕಕ್ಕೆ ಸೇರಿಸಬೇಡಿ.

ಕಾಲಿಗೆ ರಬ್ಬರ್ ಅಟ್ಟೆಯ, ಹಿಡಿತವಿರುವ ಬೂಟು. ನುಣುಪಾಗಿ ಸವೆದ ಅಟ್ಟೆಯ ಚಪ್ಪಲಿಗಿಂತ ಬರಿಗಾಲು ಎಷ್ಟೋ ವಾಸಿ, ಆದರೆ ಬರಿಗಾಲಿನ ಹಿಡಿತ ಬಂಡೆ ತಣ್ಣಗಿರುವವರೆಗೆ ಮಾತ್ರ. ಹೆಂಗಸರು ಸೀರೆಯ ಬದಲು ಚೂಡಿದಾರ್ ಹಾಕಿಕೊಂಡು ದುಪಟ್ಟಾವನ್ನು ಚೀಲಕ್ಕೆ ಸೇರಿಸುವುದು ಒಳ್ಳೆಯದು, ಗಂಡಸರು ಬಿಗಿ ಜೀನ್ಸ್ ಹಾಕಿಕೊಂಡರೆ ಮೊಣಕಾಲು ಮಡಿಸುವುದೇ ಕಷ್ಟ. ಅತ್ತರು, ಸೆಂಟು ಬೇಡವೇ ಬೇಡ. ಊರಿನ ಹೆಸರಿನಲ್ಲೇ ಮಧು ಇದೆ. ಇಂಥ ಬಂಡೆಗಳ ಬಿರುಕಿನಲ್ಲಿ ಹೆಜ್ಜೇನು ಕಟ್ಟುತ್ತದೆ. ಗೂಡು ಕಂಡರೆ ಗದ್ದಲ ಮಾಡದೆ ಸರಿದುಹೋಗಿ. ಬೀಡಿ, ಸಿಗರೇಟಿನ ಹೊಗೆ ಅಲ್ಲಿ ಹುಡುಗಾಟವಲ್ಲ.

ತಿಂಡಿಯ ವಿಷಯ ಬೇಗ ಮುಗಿಸುತ್ತೇನೆ. ತುಮಕೂರಿನ ಕಡೆಯಿಂದ ಬರುವವರಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ನೆನಪಾಗುವುದು ಸಹಜ. ಅದನ್ನು ಮರಳುವ ದಾರಿಗೆ ಇಟ್ಟುಕೊಳ್ಳಿ. ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿ ಹೊಟ್ಟೆಯಲ್ಲಿಟ್ಟುಕೊಂಡು ಈ ಬಂಡೆ ಹತ್ತುವುದು ಸುಖವಲ್ಲ. ಬಾಳೆಹಣ್ಣು, ಒಂದು ಲೋಟ ಕಾಫಿ ಸಾಕು.

ಬುಡದಲ್ಲಿ ಕಾಲು ಗಂಟೆ

ಹತ್ತಲು ತೊಡಗುವ ಮುನ್ನ ಕೆಳಗೆ ನಿಂತು ಕೋಟೆಯನ್ನು ನೋಡಿಕೊಳ್ಳಿ, ಏಕೆಂದರೆ ಮೈಮೇಲೆ ಹತ್ತಿದವರಿಗೆ ಅದರ ರೂಪ ಕಾಣುವುದಿಲ್ಲ. ಗೋಡೆ ಬೆಟ್ಟದ ಸುತ್ತ ಬಳೆಯಂತೆ ಸುತ್ತಿಕೊಂಡಿಲ್ಲ. ಬಂಡೆ ತಾನೇ ಕಡಿದಾಗಿರುವ ಕಡೆ ಗೋಡೆ ಕಟ್ಟುವ ಗೋಜಿಗೆ ಹೋಗಿಲ್ಲ. ಮನುಷ್ಯ ಕಾಲೂರಬಹುದಾದ ಕಡೆಯಲ್ಲೆಲ್ಲ ಗೋಡೆಯ ಮೇಲೊಂದು ಗೋಡೆ ಎದ್ದಿದೆ. ಕೋಟೆ ಕಟ್ಟಿದವರು ಬೆಟ್ಟದ ಬಲವನ್ನು ಹೇಗೆ ಲೆಕ್ಕ ಹಾಕಿದ್ದರು ಎಂಬುದು ಕೆಳಗಿನಿಂದಲೇ ತಿಳಿಯುತ್ತದೆ. ಜೊತೆಗೆ ನಿಮ್ಮ ದಾರಿಯನ್ನೂ ಕಣ್ಣಲ್ಲೇ ಗುರುತು ಮಾಡಿಕೊಳ್ಳಬಹುದು.

ಊರಿನ ಹಳೆಯ ಹೆಸರು ಮದ್ದಗಿರಿ; ವಯಸ್ಸಾದವರ ಬಾಯಲ್ಲಿ ಈಗಲೂ ಹಾಗೆಯೇ ಬರುತ್ತದೆ. ಇಲ್ಲಿ ಮೊದಲು ಕೋಟೆ ಕಟ್ಟಿದವನು ರಾಜಾ ಹಿರೇಗೌಡನೆಂಬ ಪಾಳೆಯಗಾರ. ಅದಕ್ಕೊಂದು ಕಥೆಯನ್ನೂ ಹೇಳುತ್ತಾರೆ. ಅವನ ಹಿಂಡಿನ ಕುರಿಯೊಂದು ತಪ್ಪಿಸಿಕೊಂಡು ಬೆಟ್ಟದ ಕಡೆ ಹೋಗಿ, ಮರಳಿ ಬಂದಾಗ ಮೈಯೆಲ್ಲ ನೀರು ತೊಟ್ಟಿಕ್ಕುತ್ತಿತ್ತಂತೆ. ಮೇಲೆ ನೀರಿರಬೇಕೆಂದು ಊಹಿಸಿ ಅವನು ಹತ್ತಿಹೋಗಿ ನೋಡಿದರೆ ಊಟೆಗಳು ಸಿಕ್ಕವಂತೆ. ನೀರಿರುವಲ್ಲಿ ನೆಲೆ ನಿಲ್ಲಬಹುದೆಂದು ಮಣ್ಣಿನ ಕೋಟೆ ಕಟ್ಟಿದನಂತೆ. ಕಥೆ ನಿಜವೋ ಅಲ್ಲವೋ, ಅದರೊಳಗಿನ ತರ್ಕ ಮಾತ್ರ ಗಟ್ಟಿಯಾದದ್ದು. ಬಯಲುಸೀಮೆಯ ದುರ್ಗಕ್ಕೆ ಗೋಡೆಗಿಂತ ಮೊದಲು ಬೇಕಾದದ್ದು ನೀರು. ಮುತ್ತಿಗೆ ಹಾಕಿದವನು ಗೋಡೆ ಒಡೆಯದಿದ್ದರೂ ಒಳಗಿನವರ ನೀರು ಮುಗಿಯುವವರೆಗೆ ಕಾದರೆ ಸಾಕಾಗಿತ್ತು.

ಮುಂದಿನ ಕಥೆ ಚುಟುಕಾಗಿ ಹೀಗೆ. ಇಬ್ಬರು ಪಾಳೆಯಗಾರರು ಜೊತೆಯಾಗಿ ಆಳುತ್ತಿದ್ದ ಕಾಲದಲ್ಲಿ, 1678ರಲ್ಲಿ, ಚಿಕ್ಕದೇವರಾಜ ಒಡೆಯರ ಮೈಸೂರು ಪಡೆ ಕೋಟೆಯನ್ನು ಗೆದ್ದುಕೊಂಡಿತು. ಆ ಬಳಿಕ ಹೈದರಲಿಯ ಕೈಗೆ ಬಂದಾಗ ಅವನು ಕೋಟೆಯನ್ನು ಹಿಗ್ಗಿಸಿ ಬಲಪಡಿಸಿದ. ಇಂದು ನಾವು ಕಾಣುವ ಕಲ್ಲಿನ ಕೆಲಸದಲ್ಲಿ ಆ ಕಾಲದ ಪಾಲು ದೊಡ್ಡದು. 1767ರಲ್ಲಿ ಮರಾಠರು ಹಿಡಿದುಕೊಂಡರು, 1774ರಲ್ಲಿ ಟಿಪ್ಪು ಮರಳಿ ಗೆದ್ದ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು, ಉಳಿದದ್ದನ್ನು ಬಾಗಿಲುಗಳು ಹೇಳುತ್ತವೆ.

ಬಾಗಿಲುಗಳ ಭಾಗ

ಕೋಟೆಯ ಬಾಗಿಲುಗಳಿಗೆ ಹಳೆಯ ಹೆಸರುಗಳಿವೆ: ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು. ದಿಡ್ಡಿಯೆಂದರೆ ದೊಡ್ಡ ಬಾಗಿಲನ್ನು ತೆರೆಯದೆ ಒಬ್ಬೊಬ್ಬರಾಗಿ ಹಾದುಹೋಗಲು ಇರುವ ಕಿರುಬಾಗಿಲು. ಹಳೆಯ ಮನೆಗಳ ಹಿತ್ತಿಲಲ್ಲೂ ದಿಡ್ಡಿ ಇರುತ್ತಿತ್ತು. ಕೋಟೆಯ ಮಾತಿನಲ್ಲಿ ಮನೆಯ ಮಾತು ಹೀಗೆ ಬೆರೆತಿರುವುದು ನನಗೆ ಇಷ್ಟವಾದ ಸಂಗತಿ.

ಒಂದು ಬಾಗಿಲನ್ನು ನೋಡುವ ಕ್ರಮ ಹೀಗಿರಲಿ. ಮೊದಲು ಹೊರಗೆ ನಿಂತು ಬಾಗಿಲಿನ ಎದುರು ಎಷ್ಟು ಜಾಗವಿದೆ ನೋಡಿ. ಆನೆಯನ್ನೋ ದಿಮ್ಮಿಯನ್ನೋ ಓಡಿಸಿ ತಂದು ಗುದ್ದುವಷ್ಟು ಉದ್ದದ ನೇರದಾರಿ ಸಿಗುವುದಿಲ್ಲ, ಹತ್ತಿರ ಬಂದಾಗಲೇ ದಾರಿ ಹೊರಳುತ್ತದೆ. ಆಮೇಲೆ ತಲೆಯೆತ್ತಿ, ಬಾಗಿಲಿನ ಪಕ್ಕದ ಕೊತ್ತಲದಿಂದ ಯಾರಾದರೂ ಬಗ್ಗಿ ನೋಡಿದರೆ ನೀವು ಎಷ್ಟು ಬಯಲಾಗಿ ಕಾಣುತ್ತೀರಿ ಎಂದು ಯೋಚಿಸಿ. ಒಳಗೆ ಹೋಗಿ ಹಿಂದಿರುಗಿ ನೋಡಿ: ಚೌಕಟ್ಟಿನ ಎರಡು ಬದಿಯ ಕಲ್ಲಿನಲ್ಲಿ ಅಗುಳಿಯ ತೊಲೆ ಕೂರುವ ಕುಳಿಗಳು, ಮೇಲೆ ಕೆಳಗೆ ಕದದ ತಿರುಗುಣಿ ತಿರುಗುತ್ತಿದ್ದ ಗುಂಡಿಗಳು. ಮರದ ಕದ ಎಂದೋ ಹೋಗಿದ್ದರೂ ಗುಂಡಿಯ ಒಳಮೈಯನ್ನು ಬೆರಳಿನಿಂದ ಸವರಿದರೆ ತಿರುಗಿ ತಿರುಗಿ ನುಣುಪಾದದ್ದು ತಿಳಿಯುತ್ತದೆ. ಎಷ್ಟು ಸಲ ತೆರೆದು ಮುಚ್ಚಿದ್ದರೆ ಕಲ್ಲು ಇಷ್ಟು ಸವೆದೀತು! ಎರಡನೆಯ ಸಲ ಹೋದಾಗ ನಾವಿಬ್ಬರೂ ಅಲ್ಲೇ ಬಹಳ ಹೊತ್ತು ಕೂತಿದ್ದೆವು, ಮೊದಲ ಸಲ ಅದೇ ಬಾಗಿಲನ್ನು ಗಡಿಯಾರ ನೋಡುತ್ತ ದಾಟಿದ್ದೆವು.

ಗೋಡೆಯ ಕೆಲಸವನ್ನೂ ಹತ್ತಿರದಿಂದ ನೋಡಬೇಕು. ಬುಡದ ಸಾಲುಗಳಲ್ಲಿ ದಪ್ಪ ಕಲ್ಲುಗಳನ್ನು ಒಂದಕ್ಕೊಂದು ಕಚ್ಚಿಸಿ ಕೂರಿಸಿದ ಬಗೆ ಬೇರೆ, ಗೋಡೆಯ ತಲೆಯ ಮೇಲೆ ಸಾಲಾಗಿ ನಿಂತ ತೆನೆಗಳಲ್ಲಿ ಇಟ್ಟಿಗೆ, ಗಾರೆ ಕಾಣುವ ಕಡೆಯ ಕೆಲಸ ಬೇರೆ. ಬಂದೂಕಿನ ಕಿಂಡಿಗಳಲ್ಲಿ ಕಣ್ಣಿಟ್ಟು ನೋಡಿದರೆ ಪ್ರತಿಯೊಂದೂ ನೀವು ಆಗ ತಾನೆ ಏರಿಬಂದ ದಾರಿಯ ಯಾವುದಾದರೊಂದು ತುಣುಕಿನ ಮೇಲೇ ನೆಟ್ಟಿರುವುದು ಗೊತ್ತಾಗುತ್ತದೆ. ಕಿಂಡಿಯಲ್ಲಿ ಒಬ್ಬರು ನಿಂತು ಇನ್ನೊಬ್ಬರನ್ನು ಕೆಳಗಿನ ತಿರುವಿಗೆ ಕಳಿಸಿ ನೋಡಿ, ಕೋಟೆಯ ಬುದ್ಧಿ ಆಗ ಅರ್ಥವಾಗುತ್ತದೆ. ಆದರೆ ಬಿರುಕುಬಿಟ್ಟ ಗೋಡೆಯ ಮೇಲೆ ಹತ್ತಿ ಫೋಟೊಗೆ ನಿಲ್ಲುವುದು ಬೇಡ. ಕಲ್ಲಿನ ಗೋಡೆ ಎಂದ ಮಾತ್ರಕ್ಕೆ ಗಟ್ಟಿಯೆಂದಲ್ಲ, ಗಿಡದ ಬೇರು ಒಳಹೊಕ್ಕು ಸಡಿಲಿಸಿದ ಕಲ್ಲುಗಳು ಹಲವು.

ಕಡಿದಾದ ಬಂಡೆ

ಮೆಟ್ಟಿಲುಗಳ ದಾರಿ ಒಂದು ಹಂತದಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಬಂಡೆಯಲ್ಲೇ ಕಾಲು ಹಿಡಿಯುವಷ್ಟು ಕೊರೆದ ಕಚ್ಚುಗಳು, ಅಲ್ಲಲ್ಲಿ ಹಿಡಿದುಕೊಳ್ಳಲು ನೆಟ್ಟ ಕಬ್ಬಿಣದ ಕಂಬಿಗಳು. ಇದೇ ನಾನು ಮೊದಲ ಸಲ ಕೂತ ಜಾಗ. ಇಲ್ಲಿ ಮಾಡಬೇಕಾದ ಮೊದಲ ಕೆಲಸವೆಂದರೆ ನಿಲ್ಲುವುದು. ನೀರು ಕುಡಿಯಿರಿ, ಹತ್ತು ನಿಮಿಷ ಕೂತುಕೊಳ್ಳಿ, ಉಸಿರು ಸಮಕ್ಕೆ ಬಂದ ಮೇಲೆ ಮೇಲಿನ ಇಳಿಜಾರನ್ನು ನೋಡಿ ತೀರ್ಮಾನ ಮಾಡಿ. ಏದುಸಿರಿನಲ್ಲಿ ನೋಡಿದರೆ ಎಲ್ಲ ಬಂಡೆಯೂ ಇರುವುದಕ್ಕಿಂತ ಕಡಿದಾಗಿ ಕಾಣುತ್ತದೆ.

ತೀರ್ಮಾನಕ್ಕೆ ನಾವು ಮಾಡಿಕೊಂಡ ಕಟ್ಟುಪಾಡು ಇದು: ಇಬ್ಬರಲ್ಲಿ ಹೆಚ್ಚು ಹೆದರಿದವರ ಮಾತೇ ಕೊನೆಯ ಮಾತು, ಕಾರಣ ಕೇಳುವಂತಿಲ್ಲ. ಇದನ್ನು ಬೆಟ್ಟದ ಮೇಲೆ ಮಾತಾಡಿಕೊಳ್ಳಬಾರದು, ಹಿಂದಿನ ರಾತ್ರಿ ಊಟವಾದ ಮೇಲೆ ಮಾತಾಡಿಕೊಳ್ಳಬೇಕು. ಒಬ್ಬರು ನಿಂತು ಇನ್ನೊಬ್ಬರು ಮುಂದೆ ಹೋಗುವುದಾದರೆ ಮರಳುವ ಹೊತ್ತನ್ನು ಗಡಿಯಾರ ನೋಡಿ ಗೊತ್ತುಮಾಡಿ. ಆ ಹೊತ್ತಿಗೆ ಎಲ್ಲಿದ್ದರೂ ಹಿಂದಿರುಗಬೇಕು. ನಿಂತವರಿಗೆ ನೆರಳು, ನೀರು, ಮೊಬೈಲು ಮೂರೂ ಇರಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಇಬ್ಬರೂ ಕೊನೆಯ ಬಾಗಿಲಿಗೆ ಮರಳಿ ಬನ್ನಿ. ಅಲ್ಲಿಯವರೆಗಿನ ಕೋಟೆಯೇ ಒಂದು ದಿನಕ್ಕೆ ಸಾಕಾಗುವಷ್ಟಿದೆ.

ಹತ್ತುವುದೆಂದು ಆದರೆ ಅನುಭವ ಕಡಿಮೆಯಿರುವವರು ಮುಂದೆ ಹೋಗಲಿ, ಇನ್ನೊಬ್ಬರು ಎರಡು ಮೂರು ಹೆಜ್ಜೆ ಹಿಂದೆ, ನೇರ ಕೆಳಗಲ್ಲದೆ ಸ್ವಲ್ಪ ಓರೆಯಾಗಿ ಇರಲಿ. ಕಾಲನ್ನು ಕಚ್ಚಿನ ಒಳಗೆ ಪೂರ್ತಿ ಇಟ್ಟು ಮೈಭಾರ ಹಾಕಿದ ಮೇಲೆಯೇ ಇನ್ನೊಂದು ಕಾಲು ಎತ್ತಬೇಕು. ಹೆದರಿಕೆಯಾದಾಗ ಬಂಡೆಯನ್ನು ಅಪ್ಪಿಕೊಳ್ಳಬೇಕೆನಿಸುತ್ತದೆ, ಅದೇ ತಪ್ಪು. ಮೈ ಬಂಡೆಗೆ ಒರಗಿದಷ್ಟೂ ಪಾದ ಹಿಂದಕ್ಕೆ ಸರಿಯುತ್ತದೆ. ನೇರವಾಗಿ ನಿಂತರೆ ಭಾರವೆಲ್ಲ ಅಂಗಾಲಿಗೆ ಹೋಗಿ ಹಿಡಿತ ಸಿಗುತ್ತದೆ. ಕಂಬಿಯನ್ನು ನಂಬುವ ಮುನ್ನ ಒಮ್ಮೆ ಅಲುಗಾಡಿಸಿ ನೋಡಿ. ಕಂಬಿಯಿರುವುದು ಸಮತೋಲಕ್ಕೆ, ಅದಕ್ಕೆ ಜೋತುಬೀಳಬಾರದು. ಇಳಿಯುವವರು ಎದುರಾದರೆ ಅವರಿಗೆ ದಾರಿ ಬಿಟ್ಟು ನಿಲ್ಲಿ. ಅವರ ಪಾಡು ನಿಮ್ಮದಕ್ಕಿಂತ ಕಷ್ಟದ್ದು.

ಮೇಲೆ

ತುದಿಯಲ್ಲಿ ಗೋಪಾಲಕೃಷ್ಣನ ಗುಡಿಯಿದೆ, ಪೂಜೆಯಿಲ್ಲದೆ ಪಾಳುಬಿದ್ದದ್ದು. ಸುತ್ತ ಕಟ್ಟಡಗಳ ಅವಶೇಷಗಳು. ಗಾಳಿ ಬಲವಾಗಿ ಬೀಸುವುದರಿಂದ ಅಂಚಿನ ಹತ್ತಿರ ಹೋಗದೆ ಗೋಡೆಯ ಒಳಬದಿಯಲ್ಲಿ ಕೂತು ಬುತ್ತಿ ಬಿಚ್ಚಿ. ಕೆಳಗೆ ಮಧುಗಿರಿ ಊರು ಹಾಸುಗಲ್ಲಿನ ಮೇಲೆ ಚೆಲ್ಲಿದ ಕಡಲೆಯಂತೆ ಕಾಣುತ್ತದೆ. ನೋಟವನ್ನು ಬಣ್ಣಿಸುವುದು ನನ್ನ ಕೆಲಸವಲ್ಲ, ಅದು ಹತ್ತಿದವರಿಗೆ ಸಿಗುವ ಕೂಲಿ.

ಇಲ್ಲಿ ನೆನೆಯಬೇಕಾದವಳು ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರಿನ ರಾಣಿ ವೀರಮ್ಮಾಜಿ. ಔರಂಗಜೇಬನ ಕಾಲದಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿಯ ಚೆನ್ನಮ್ಮಾಜಿಯೊಂದಿಗೆ ಈಕೆಯನ್ನು ಬೆರೆಸುವುದುಂಟು. ಇಬ್ಬರೂ ಒಂದೇ ಮನೆತನದವರು, ಆದರೆ ಈಕೆ ಸುಮಾರು ಎರಡು ತಲೆಮಾರು ಈಚಿನವಳು. 1763ರಲ್ಲಿ ಹೈದರಲಿ ಬಿದನೂರನ್ನು ಗೆದ್ದಾಗ ಕೆಳದಿ ಅರಸರ ಆಳ್ವಿಕೆ ಮುಗಿಯಿತು, ರಾಣಿಯನ್ನೂ ಆಕೆಯ ಮಗನನ್ನೂ ತಂದು ಮಧುಗಿರಿಯ ಕೋಟೆಯಲ್ಲಿ ಸೆರೆಯಿಟ್ಟರು. ಅವರಿಗೆ ಬಿಡುಗಡೆಯಾದದ್ದು 1767ರಲ್ಲಿ, ಪೇಶ್ವೆ ಮಾಧವರಾಯನ ಪಡೆ ಕೋಟೆಯನ್ನು ಹಿಡಿದಾಗ. ವರ್ಷವೆಲ್ಲ ಹಸಿರು, ಆರು ತಿಂಗಳು ಮಳೆ ಕಂಡ ಮಲೆನಾಡಿನ ಹೆಣ್ಣಿಗೆ ಈ ಬೋಳುಬಂಡೆಯ ಸೀಮೆ ಹೇಗೆ ಕಂಡಿರಬೇಕು! ಹೊರಗಿನವರನ್ನು ತಡೆಯಲು ಕಟ್ಟಿದ ಬಾಗಿಲುಗಳು ಒಳಗಿನವರನ್ನು ಹಿಡಿದಿಡಲೂ ಅಷ್ಟೇ ಚೆನ್ನಾಗಿ ಒದಗುತ್ತವೆ ಎಂಬುದು ಬುತ್ತಿ ತಿನ್ನುತ್ತ ಕೂತಾಗ ನಮಗೆ ಹೊಳೆದ ಮಾತು.

ಬುತ್ತಿಯ ಕಾಗದ, ಬಾಟಲಿ, ಹಣ್ಣಿನ ಸಿಪ್ಪೆ ಎಲ್ಲವನ್ನೂ ಚೀಲಕ್ಕೆ ಹಾಕಿಕೊಳ್ಳಿ. ಗೋಡೆಯ ಮೇಲೆ ಹೃದಯ ಕೊರೆದು ಇಬ್ಬರ ಹೆಸರು ಬರೆಯುವ ಚಪಲ ದಂಪತಿಗಳಿಗೂ ಬಿಟ್ಟಿಲ್ಲವೆಂದು ಅಲ್ಲಿಯ ಗಾರೆಯನ್ನು ನೋಡಿದರೆ ಗೊತ್ತಾಗುತ್ತದೆ. ಇನ್ನೂರು ವರ್ಷಕ್ಕೂ ಹಳೆಯ ಗಾರೆಗೆ ಮೊಳೆ ತಾಗಿಸಿದರೆ ಆ ಗಾಯದಿಂದಲೇ ಮುಂದಿನ ಮಳೆನೀರು ಒಳಗಿಳಿಯುತ್ತದೆ.

ಇಳಿಯುವುದು

ಬಿದ್ದು ಪೆಟ್ಟು ಮಾಡಿಕೊಳ್ಳುವ ಸಂಭವ ಹೆಚ್ಚಿರುವುದು ಇಳಿಯುವಾಗ. ಕಾಲಿನ ಸ್ನಾಯುಗಳು ದಣಿದಿರುತ್ತವೆ, ಬಂಡೆ ಕಾಯುತ್ತಿರುತ್ತದೆ, ಎದುರಿಗೆ ಬಯಲೇ ಕಾಣುತ್ತದೆ, ಮನಸ್ಸು ಆಗಲೇ ಮನೆಗೆ ಹೋಗಿರುತ್ತದೆ. ಈಗ ಕ್ರಮ ಬದಲಾಗಲಿ: ಅನುಭವ ಇರುವವರು ಮೊದಲು ಇಳಿದು ಕಾಲಿಡುವ ಕಚ್ಚನ್ನು ತೋರಿಸಲಿ, ಇನ್ನೊಬ್ಬರು ಹಿಂದಿನಿಂದ ಬರಲಿ. ಕಡಿದಾದ ಕಡೆ ಬಂಡೆಗೆ ಮುಖಮಾಡಿ, ಏಣಿ ಇಳಿಯುವಂತೆ ಹಿಮ್ಮುಖವಾಗಿ ಇಳಿಯಿರಿ. ಹೆದರಿಕೆಯಾದರೆ ಕೂತು, ಎರಡು ಕೈಯನ್ನೂ ಪಕ್ಕಕ್ಕೆ ಊರಿ ಒಂದೊಂದು ಮೊಳ ಜರುಗಿ. ಬಟ್ಟೆ ಹರಿದರೆ ಹರಿಯಲಿ. ನಾನು ಬಹುಪಾಲು ಹಾಗೆಯೇ ಇಳಿದದ್ದು. ಕೈ ಹಿಡಿದುಕೊಂಡು ಜೋಡಿಯಾಗಿ ಇಳಿಯುವುದು ಸಿನಿಮಾಕ್ಕೆ ಚೆಂದ. ಬಂಡೆಯ ಮೇಲೆ ಒಬ್ಬರು ಜಾರಿದರೆ ಇಬ್ಬರೂ ಹೋಗುತ್ತಾರೆ.

ತಲೆ ಸುತ್ತು, ವಾಂತಿ ಬಂದಂತಾಗುವುದು, ಬೆವರು ನಿಂತುಹೋಗುವುದು ಇವುಗಳಲ್ಲಿ ಯಾವುದು ಕಂಡರೂ ಇಳಿಯುವುದನ್ನು ನಿಲ್ಲಿಸಿ, ಗೋಡೆಯ ನೆರಳಿಗೆ ಸರಿದು ತಲೆಗೆ ಒದ್ದೆಬಟ್ಟೆ ಹಾಕಿ, ಉಪ್ಪು ನಿಂಬೆಯ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಬೆವರು ನಿಂತುಹೋಗಿದ್ದರೆ ಕೂಡಲೇ, ಉಳಿದವು ಸುಧಾರಿಸದಿದ್ದರೆ, 112ಕ್ಕೆ ಕರೆ ಮಾಡಲು ಹಿಂದೆಮುಂದೆ ನೋಡಬೇಡಿ.

ಒಬ್ಬರು ಹತ್ತದಿದ್ದರೆ

ಮೊಣಕಾಲು ನೋವು, ರಕ್ತದೊತ್ತಡ, ಬಸುರಿ, ಬಾಣಂತಿ, ಇವು ಯಾವುದಿದ್ದರೂ ಹತ್ತಬೇಕಾಗಿಲ್ಲ. ಬೆಟ್ಟದ ಬುಡದ ಊರಿನಲ್ಲಿ ವೆಂಕಟರಮಣಸ್ವಾಮಿ, ಮಲ್ಲೇಶ್ವರ ಗುಡಿಗಳಿವೆ, ಎರಡೂ ಹಳೆಯ ಕಟ್ಟಡಗಳು. ಕಂಬಗಳನ್ನು ನೋಡುತ್ತ ಬೆಳಗಿನ ತಂಪಿನಲ್ಲಿ ಕೂರಲು ಒಳ್ಳೆಯ ಜಾಗ. ಊರ ದೇವತೆ ದಂಡಿನ ಮಾರಮ್ಮ. ದಂಡು ಎಂದರೆ ಸೈನ್ಯ. ಕೋಟೆಯೂರಿನ ದೇವಿಗೆ ಈ ಹೆಸರು ತಕ್ಕದ್ದೇ. ಜಾತ್ರೆಯ ದಿನಗಳಲ್ಲಿ ಊರೊಳಗೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಮಧ್ಯಾಹ್ನದ ಮೇಲೆ

ಊಟವಾದ ಮೇಲೆ ಹೊತ್ತು ಉಳಿದಿದ್ದರೆ ಎರಡು ದಾರಿಗಳಿವೆ, ಒಂದನ್ನು ಮಾತ್ರ ಆರಿಸಿಕೊಳ್ಳಿ. ಪಾವಗಡದ ರಸ್ತೆಯಲ್ಲಿ ಮುಂದೆ ಹೋದರೆ ಮಿಡಿಗೇಶಿ ಸಿಗುತ್ತದೆ. ಅಲ್ಲಿಯೂ ಒಂದು ದುರ್ಗವಿದೆ. ಹಿಮ್ಮಡಿಯವರೆಗೆ ಕೂದಲಿದ್ದ ರಾಜಕುಮಾರಿಯ ಹೆಸರೇ ಊರಿಗೆ ಬಂತೆಂದು ಹೇಳುತ್ತಾರೆ, ಮಿಡಿಯೆಂದರೆ ಹಿಮ್ಮಡಿ. 1678ರಲ್ಲಿ ಮಧುಗಿರಿ ಕಳೆದುಕೊಂಡು ಶ್ರೀರಂಗಪಟ್ಟಣದಲ್ಲಿ ಸೆರೆಯಿದ್ದ ಪಾಳೆಯಗಾರರಿಗೆ ಬಿಡುಗಡೆಯಾದ ಮೇಲೆ ಸಿಕ್ಕಿದ್ದು ಈ ಮಿಡಿಗೇಶಿಯೇ. ಆ ದಿನ ಅದನ್ನೂ ಹತ್ತುವ ಹುಮ್ಮಸ್ಸು ಬೇಡ, ಕೆಳಗಿನಿಂದ ನೋಡಿದರೆ ಸಾಕು.

ನನ್ನನ್ನು ಕೇಳಿದರೆ ಎರಡನೆಯ ದಾರಿಯೇ ಮೇಲು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ನದಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಇಲ್ಲಿ ಹತ್ತುವುದೂ ಇಲ್ಲ ಇಳಿಯುವುದೂ ಇಲ್ಲ. ನಾಲ್ಕೂವರೆಯ ಮೇಲೆ ಬಿಸಿಲು ಮಾಗಿದಾಗ ಹೋಗಿ. ಅರಣ್ಯ ಇಲಾಖೆಯ ಸಿಬ್ಬಂದಿಯನ್ನು ಕೇಳಿಕೊಂಡು, ಅವರು ತೋರಿಸಿದ ದಾರಿಯಲ್ಲೇ ನಡೆದು, ಗದ್ದಲವಿಲ್ಲದೆ ನಿಂತರೆ ಹಿಂಡು ಕಾಣುತ್ತದೆ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಿರುಚಿದ ಕೊಂಬಿನದು ಗಂಡು. ಕೊಂಬಿಲ್ಲದ ಕಂದುಬಣ್ಣದವು ಹೆಣ್ಣು ಮತ್ತು ಮರಿಗಳು. ಕಣ್ಣಿಗೆ ಹೊಡೆಯದ ಮಾಸಲು ಬಣ್ಣದ ಬಟ್ಟೆ ಇದ್ದರೆ ಒಳ್ಳೆಯದು. ಬೈನಾಕ್ಯುಲರ್ ಇದ್ದವರು ಬೆಳಗ್ಗೆ ಬೆಟ್ಟಕ್ಕೆ ಹೊರುವ ಬದಲು ಇಲ್ಲಿಗಾಗಿ ಕಾರಿನಲ್ಲೇ ಬಿಟ್ಟಿರಲಿ. ಬಸ್ಸಿನಲ್ಲಿ ಬಂದವರು ಮಧುಗಿರಿಯಿಂದ ಆಟೋ ಮಾಡಿಕೊಳ್ಳುವುದಾದರೆ ಮರಳುವುದಕ್ಕೂ ಸೇರಿಸಿ ಮೊದಲೇ ಮಾತಾಡಿಕೊಳ್ಳಬೇಕು, ಸಂಜೆಯ ಮೇಲೆ ಆ ಕಡೆ ಖಾಲಿ ಆಟೋ ಸಿಗುವುದಿಲ್ಲ.

ಮರುದಿನಕ್ಕೆ ರಜೆ ಹಾಕಿಕೊಂಡಿರಿ. ಮಹಡಿ ಮನೆಯವರಿಗಂತೂ ಎರಡು ದಿನ ಮೆಟ್ಟಿಲು ಇಳಿಯುವಾಗ ತೊಡೆಯ ಮುಂಭಾಗ ಬೆಟ್ಟವನ್ನು ನೆನಪಿಸುತ್ತದೆ. ಬಿಸಿನೀರಿನ ಸ್ನಾನ, ಎಳ್ಳೆಣ್ಣೆಯ ನೀವಿಕೆ, ಇಷ್ಟಕ್ಕೇ ಅದು ಇಳಿಯುತ್ತದೆ.